ಹೊಸಬರಿಗೆ ಮಾರ್ಗದರ್ಶಿ: ಹುಬ್ಬಳ್ಳಿ-ಧಾರವಾಡದ ಬಿಸಿಲು, ಮಾಳಿಗೆ ಮತ್ತು ಕರೆಂಟ್ ಬಿಲ್ಲು

ಕರಾವಳಿ, ಮಲೆನಾಡು, ಮೈಸೂರು, ಬೆಂಗಳೂರು ಕಡೆಯಿಂದ ಅವಳಿ ನಗರಕ್ಕೆ ಬಂದಿಳಿದ ಕುಟುಂಬಗಳಿಗಾಗಿ ನಮ್ಮ ಬಡಾವಣೆಯ ಕನ್ನಡ ಸಂಘದ ಕಾರ್ಯಕರ್ತರು ಇದನ್ನು ಬರೆದಿದ್ದೇವೆ. ರೈಲ್ವೆ, ವಿಶ್ವವಿದ್ಯಾಲಯ, ಹೈಕೋರ್ಟ್ ಪೀಠ, ಬ್ಯಾಂಕು, ಕಾರ್ಖಾನೆ ಎಂದು ವರ್ಗವಾಗಿ ಬಂದವರೇ ನಮ್ಮಲ್ಲಿ ಹೆಚ್ಚು. ಶಾಲೆ, ಗ್ಯಾಸ್ ವರ್ಗಾವಣೆ, ಪಡಿತರ ಚೀಟಿಯ ಸಂಗತಿ ಬೇರೆ ಹಾಳೆಗಳಲ್ಲಿವೆ. ಇಲ್ಲಿರುವುದು ಮನೆಯ ವಿದ್ಯುತ್ತು ಮತ್ತು ಗ್ಯಾಸ್ ಉಳಿಸುವ ವಿಚಾರ ಮಾತ್ರ.

ಹೊಸಬರು ಮೊದಲ ಬೇಸಿಗೆಯಲ್ಲೇ ಎಸಿ ಅಂಗಡಿಗೆ ಓಡುತ್ತಾರೆ. ದಯವಿಟ್ಟು ಓಡಬೇಡಿ. ಏಪ್ರಿಲ್ ಮಧ್ಯಾಹ್ನ ಇಲ್ಲಿ 37-38 ಡಿಗ್ರಿ ಮುಟ್ಟಿದರೂ ರಾತ್ರಿ ಹೊರಗೆ 21-22ರ ಆಸುಪಾಸಿಗೆ ಇಳಿಯುತ್ತದೆ. ಅಂಗಳದಲ್ಲಿ ತಂಗಾಳಿ ಬೀಸುತ್ತಿರುವಾಗಲೂ ಮಲಗುವ ಕೋಣೆ ಕುದಿಯುತ್ತಿರುತ್ತದೆ. ಆ ತಂಪನ್ನು ಒಳಗೆ ತರುವುದು, ಹಗಲಿನ ಬಿಸಿಯನ್ನು ಹೊರಗೇ ತಡೆಯುವುದು ನಮ್ಮ ಕೆಲಸ. ಅದಕ್ಕೆ ತಗಲುವ ಹಣ ಎಸಿಯ ಬೆಲೆಯ ಹತ್ತರಲ್ಲಿ ಒಂದು ಪಾಲೂ ಇಲ್ಲ. ಬಿಲ್ಲಿನ ಜೊತೆಗೆ ಇನ್ನೊಂದು ಲೆಕ್ಕವೂ ಇದೆ. ನಾವಿಲ್ಲಿ ಸ್ವಿಚ್ ಒತ್ತಿದರೆ ರಾಯಚೂರಿನ ಶಕ್ತಿನಗರದಲ್ಲೋ ಬಳ್ಳಾರಿ ಬಳಿಯ ಕುಡತಿನಿಯಲ್ಲೋ ಕಲ್ಲಿದ್ದಲು ಉರಿಯುತ್ತದೆ. ನಮ್ಮ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ 0.7 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ತಿಂಗಳಿಗೆ ಐವತ್ತು ಯೂನಿಟ್ ಉಳಿಸಿದ ಮನೆ 35 ಕಿಲೋ ತಡೆದಂತೆ.

ಮನೆ ಹಿಡಿಯುವ ಮೊದಲು

ಮನೆ ತೋರಿಸುವ ಮಾಲೀಕರನ್ನು ಎರಡು ಮಾತು ಕೇಳಿ. ಹಿರಿಯರಾದರೆ ಕಾಕಾ, ಕಾಕು ಎಂದೇ ಮಾತನಾಡಿಸಿ. ಇಲ್ಲಿನವರು ಬಾಯ್ತುಂಬ ಮಾತನಾಡುವ ಜನ, ಕೇಳಿದ್ದಕ್ಕೆ ಉತ್ತರ ಸಿಗುತ್ತದೆ.

ಮೊದಲನೆಯದು: "ಕಾಕಾ, ಈ ಮನೆಗೆ ಬೇರೆ ಮೀಟರ್ ಇದೆಯೇ? ಆರ್‌ಆರ್ ನಂಬರ್ ಯಾವುದು?" (ಬಿಲ್ಲಿನ ಮೇಲಿರುವ, ಆ ವಿದ್ಯುತ್ ಸಂಪರ್ಕದ ಗುರುತಿನ ಸಂಖ್ಯೆ ಅದು.) ಒಂದೇ ಮೀಟರಿನಿಂದ ಎರಡು-ಮೂರು ಮನೆಗಳಿಗೆ ತಂತಿ ಎಳೆದು, ಒಳಗೆ ಸಬ್ ಮೀಟರ್ ಕೂರಿಸಿ ಬಾಡಿಗೆಗೆ ಕೊಟ್ಟ ಕಟ್ಟಡಗಳು ಸಾಕಷ್ಟಿವೆ. ಅಂಥಲ್ಲಿ ನೀವು ಎಷ್ಟು ಉಳಿಸಿದರೂ ಪಕ್ಕದ ಮನೆಯ ಬಳಕೆ ನಿಮ್ಮ ಬಿಲ್ಲನ್ನು ಏರಿಸುತ್ತದೆ. ನಮ್ಮ ಸದಸ್ಯರೊಬ್ಬರು ವರ್ಷವಿಡೀ ಮಾಲೀಕರು ಹೇಳಿದ ದರಕ್ಕೆ ಹಣ ಕೊಟ್ಟರು. ಹೆಸ್ಕಾಂ (ಇಲ್ಲಿನ ವಿದ್ಯುತ್ ಕಂಪನಿ) ಬಿಲ್ಲನ್ನು ಕಣ್ಣಾರೆ ನೋಡಲು ಅವರಿಗೆ ಒಮ್ಮೆಯೂ ಸಿಗಲಿಲ್ಲ.

ಎರಡನೆಯದು: ಮೇಲಿನ ಅಂತಸ್ತಿನ ಮನೆಯಾದರೆ "ಮಾಳಿಗೆಗೆ ಸುಣ್ಣ ಹೊಡೆಯಬಹುದೇ?" ಇಲ್ಲಿ ಮಾಳಿಗೆ ಎಂದರೆ ನಿಮ್ಮ ತಾರಸಿ. ಒಪ್ಪಿಗೆ ಪಡೆಯದೆ ಮೇಲಿನ ಮನೆ ಹಿಡಿಯಬೇಡಿ. ಮಧ್ಯಾಹ್ನ ಮೂರು ಗಂಟೆಗೆ ಹೋಗಿ ಮನೆ ನೋಡಿ. ಬೆಳಿಗ್ಗೆ ಹತ್ತಕ್ಕೆ ನೋಡಿದರೆ ಯಾವ ಮನೆಯೂ ತಂಪಾಗಿಯೇ ಇರುತ್ತದೆ. ಮಣ್ಣಿನ ಮಾಳಿಗೆಯ ಹಳೆಯ ಮನೆಯೋ ಹೆಂಚಿನ ಮನೆಯೋ ಸಿಕ್ಕರೆ ಹಳೆಯದೆಂದು ಮೂಗು ಮುರಿಯಬೇಡಿ. ದಪ್ಪ ಗೋಡೆ, ಬೆಳಕಿಂಡಿ, ಪಡಸಾಲೆ ಇರುವ ಮನೆಯಲ್ಲಿ ಮೇ ತಿಂಗಳಲ್ಲೂ ಒಂದು ಫ್ಯಾನು ಸಾಕು.

ಮಾಳಿಗೆಗೆ ಸುಣ್ಣ

ಕಾಂಕ್ರೀಟ್ ಸ್ಲ್ಯಾಬು ರೊಟ್ಟಿಯ ಹಂಚಿನಂತೆ. ಒಲೆ ಆರಿದ ಮೇಲೂ ಬಹಳ ಹೊತ್ತು ಸುಡುತ್ತದೆ. ಹಗಲೆಲ್ಲ ಕುಡಿದ ಬಿಸಿಯನ್ನು ಅದು ರಾತ್ರಿ ಎಂಟರ ನಂತರ ಕೋಣೆಗೆ ಬಿಡುತ್ತದೆ. ಸ್ಟೂಲಿನ ಮೇಲೆ ನಿಂತು ರಾತ್ರಿ ಒಂಬತ್ತಕ್ಕೆ ಮೇಲ್ಛಾವಣಿ ಮುಟ್ಟಿ ನೋಡಿ, ಅಂಗೈಗೆ ಬಿಸಿ ತಾಗುತ್ತದೆ. ಆಗ ಫ್ಯಾನು ಮಾಡುವುದು ಆ ಬಿಸಿಯನ್ನೇ ಕೆಳಗೆ ದಬ್ಬುವ ಕೆಲಸ. ಬಿಳಿ ಬಣ್ಣದ ಮಾಳಿಗೆ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಕೋಣೆಯ ಬಿಸಿ ಎರಡರಿಂದ ಐದು ಡಿಗ್ರಿ ತಗ್ಗುತ್ತದೆ ಎಂಬುದು ಸಾಮಾನ್ಯ ಅಂದಾಜು. ನೆರೆಯ ತೆಲಂಗಾಣವು 2023ರಲ್ಲಿ ತಂಪು ಮಾಳಿಗೆಗಳಿಗೆಂದೇ ಒಂದು ನೀತಿ ತಂದಿದೆ. ನಮ್ಮ ಕೈಯಲ್ಲಿ ಸುಣ್ಣವಿದೆ, ಕುಂಚವಿದೆ, ಅಷ್ಟಕ್ಕೆ ಸರ್ಕಾರದ ನೀತಿಗೆ ಕಾಯಬೇಕಿಲ್ಲ.

ಶಿವರಾತ್ರಿ ಕಳೆದು ಹೋಳಿ ಹುಣ್ಣಿಮೆಯ ಒಳಗೆ ಈ ಕೆಲಸ ಮುಗಿಸಿ. ಮಾಳಿಗೆಯ ಕಸ ಗುಡಿಸಿ, ಹಳೆಯ ಪಾಚಿಯನ್ನು ಕೆರೆದು ತೆಗೆಯಿರಿ. ಬಿರುಕುಗಳಿದ್ದರೆ ಮೊದಲು ಸಿಮೆಂಟ್ ತುಂಬಿಸಿ. ಸುಣ್ಣದ ಹರಳನ್ನು ಹಿಂದಿನ ದಿನವೇ ನೀರಿಗೆ ಹಾಕಬೇಕು. ಹಾಕಿದೊಡನೆ ಕೊತಕೊತ ಕುದಿಯುವುದರಿಂದ ತೆಳು ಪ್ಲಾಸ್ಟಿಕ್ ಬಕೆಟ್ ಬೇಡ, ತಗಡಿನ ಡ್ರಮ್ ಬಳಸಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ಕಣ್ಣಿಗೆ ಹನಿ ಸಿಡಿದರೆ ಅಪಾಯ. ಕನ್ನಡಕ, ಕೈಗವಸು ಇಲ್ಲದೆ ಕಲಕಬೇಡಿ. ರಾತ್ರಿಯಿಡೀ ನೆನೆದ ಸುಣ್ಣವನ್ನು ಮರುದಿನ ಹಳೆಯ ಪಂಚೆಯಲ್ಲಿ ಸೋಸಿ, ಬಿಳಿ ಅಂಟು ಬೆರೆಸಿ. ಅಂಟು ಇಲ್ಲದ ಸುಣ್ಣ ಒಂದೇ ವಾರದಲ್ಲಿ ಪುಡಿಯಾಗಿ ಪಾದಕ್ಕೆ ಮೆತ್ತುತ್ತದೆ. ಸಂಜೆ ಬಿಸಿಲು ಇಳಿದ ಮೇಲೆ ಮಾಳಿಗೆಗೆ ನೀರು ಚಿಮುಕಿಸಿ ಮೊದಲ ಕೈ ಹೊಡೆಯಿರಿ; ಮರುದಿನ ಸಂಜೆ ಅದಕ್ಕೆ ಅಡ್ಡಲಾಗಿ ಎರಡನೆಯ ಕೈ. ಉರಿಬಿಸಿಲಲ್ಲಿ ಹೊಡೆದರೆ ಬೇಗನೆ ಒಣಗಿ ಬಿರಿಯುತ್ತದೆ.

ಖರ್ಚು ಕೆಲವು ನೂರು ರೂಪಾಯಿ. ಮಾಳಿಗೆ ದೊಡ್ಡದಿದ್ದು ಕೂಲಿ ಕೊಟ್ಟು ಮಾಡಿಸಿದರೆ ಒಂದೆರಡು ಸಾವಿರ. ಮುಂಗಾರಿಗೆ ಸುಣ್ಣ ತೊಳೆದು ಹೋಗುತ್ತದೆ ಎಂದು ಕೆಲವರು ದೂರುತ್ತಾರೆ. ಹೋಗಲಿ. ಧಾರವಾಡದ ಜಿಟಿಜಿಟಿ ಮಳೆ, ಡಿಸೆಂಬರಿನ ಚಳಿಯಲ್ಲಿ ಮಾಳಿಗೆ ಬಿಸಿಲು ಕುಡಿದರೇ ಒಳ್ಳೆಯದು. ಸಂಡಿಗೆ, ಹಪ್ಪಳ, ಮೆಣಸಿನಕಾಯಿ ಒಣಗಿಸುವವರು ಕೆಳಗೆ ಹಾಳೆ ಹಾಸಿ. ಪತ್ರಾಸಿನ, ಅಂದರೆ ತಗಡಿನ ಶೀಟಿನ ಮನೆಯಾದರೆ ಬಿಳಿ ಬಣ್ಣ ಬಳಿದು, ಒಳಗಡೆ ಬಿದಿರಿನ ತಟ್ಟಿಯ ಛಾವಣಿ ಕಟ್ಟಿಸಿ.

ಕಿಟಕಿ ಯಾವಾಗ ತೆರೆಯಬೇಕು

ಕರಾವಳಿಯಲ್ಲಿ ಹಗಲಿಡೀ ಕಿಟಕಿ ತೆರೆದಿಟ್ಟು ಬದುಕಿದವರಿಗೆ ಇದು ಒಗ್ಗುವುದಿಲ್ಲ, ಆದರೆ ಒಗ್ಗಿಸಿಕೊಳ್ಳಿ. ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ ಹತ್ತರೊಳಗೆ ಕಿಟಕಿ ಮುಚ್ಚಿ, ಪರದೆ ಎಳೆಯಿರಿ. ಸಂಜೆ ಆರರ ನಂತರ ಎದುರುಬದುರಿನ ಎಲ್ಲ ಕಿಟಕಿಗಳನ್ನೂ ತೆರೆಯಿರಿ, ಬೆಳಗಿನವರೆಗೂ ತೆರೆದಿಡಿ. "ಸೊಳ್ಳೆ ಬರುತ್ತವೆ" ಎಂದು ರಾತ್ರಿ ಕಿಟಕಿ ಜಡಿದು, ಫ್ಯಾನು ಐದರಲ್ಲಿಟ್ಟು, ಬೆವರುತ್ತ ಮಲಗುವ ಮನೆಗಳನ್ನು ನೋಡಿ ನಮಗೆ ನಿಜಕ್ಕೂ ಬೇಸರವಾಗಿದೆ. ಅಂಟುಪಟ್ಟಿಯಿಂದ ಕೂರುವ ಸೊಳ್ಳೆ ಪರದೆ ಕಿಟಕಿಯೊಂದಕ್ಕೆ ಕೆಲವೇ ನೂರು ರೂಪಾಯಿಗೆ ಆಗುತ್ತದೆ. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯುವ ಜಗಳವೂ ಇಲ್ಲ. ಎಸಿಗೆ ಎತ್ತಿಟ್ಟ ಹಣದಲ್ಲಿ ಮೊದಲು ಇದನ್ನು ಮಾಡಿ.

ಪಶ್ಚಿಮದ ಕಿಟಕಿಗೆ ತೆಳು ಬಣ್ಣದ ಪರದೆ ಸಾಲದು. ನಮ್ಮ ಕಾರ್ಯಕರ್ತೆಯೊಬ್ಬರ ಮನೆಯಲ್ಲಿ ಆ ಕಿಟಕಿಗೆ ಹಳೆಯ ಕೌದಿ ಕಟ್ಟಿದ್ದಾರೆ. ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ಅದು ಬಿಸಿಲಿನ ಝಳವನ್ನು ಒಳಗೆ ಬಿಡುವುದೇ ಇಲ್ಲ. ಈ ಭಾಗದ ಹೆಂಗಸರ ಕೈಕೆಲಸ ಅದು, ಹೊಲಿದುಕೊಡುವವರು ಸುತ್ತಲ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ, ಚೌಕಾಸಿ ಮಾಡದೆ ಕೊಳ್ಳಿ. ಕಿಟಕಿಯ ಹೊರಗೆ ಬಿದಿರು ಕಡ್ಡಿಯ ಪರದೆ ಇಳಿಬಿಟ್ಟರೆ ಇನ್ನೂ ಒಳ್ಳೆಯದು, ಏಕೆಂದರೆ ಬಿಸಿಲನ್ನು ಗಾಜಿನ ಹೊರಗೇ ನಿಲ್ಲಿಸಬೇಕು. ಸ್ವಂತ ಜಾಗವಿದ್ದವರು ಪಶ್ಚಿಮಕ್ಕೆ ಒಂದು ಬೇವನ್ನೋ ಹೊಂಗೆಯನ್ನೋ ನೆಡಿ.

ಇನ್ನೂರರ ಗೆರೆ

ಇದನ್ನು ಎರಡು ಸಲ ಓದಿ. ಗೃಹಜ್ಯೋತಿ ಎಂದರೆ ಎಲ್ಲರಿಗೂ 200 ಯೂನಿಟ್ ಉಚಿತ ಎಂದೇ ಹಲವರು ತಿಳಿದಿದ್ದಾರೆ. ಹಾಗಿಲ್ಲ. 2023ರಲ್ಲಿ ಬಂದ ಈ ಯೋಜನೆಯಲ್ಲಿ ನಿಮ್ಮ ಸಂಪರ್ಕದ 2022-23ರ ತಿಂಗಳ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು ಉಚಿತ. (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇ 10ರ ಬದಲು 10 ಯೂನಿಟ್ ಸೇರಿಸುವಂತೆ ಮುಂದೆ ತಿದ್ದುಪಡಿಯಾಯಿತು.) ಹಿಂದಿನ ಬಳಕೆಯ ದಾಖಲೆಯೇ ಇಲ್ಲದ ಹೊಸ ಸಂಪರ್ಕಕ್ಕೆ ತಿಂಗಳಿಗೆ 58 ಯೂನಿಟ್. ಅದರ ಮೇಲೆ 200ರವರೆಗೆ ಬಳಸಿದರೆ ಹೆಚ್ಚಾದಷ್ಟಕ್ಕೆ ಹಣ. 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮದೇ. 199ಕ್ಕೂ 201ಕ್ಕೂ ಇರುವ ಅಂತರ ಎರಡು ಯೂನಿಟ್ಟಿನದಲ್ಲ, ನೂರಾರು ರೂಪಾಯಿಗಳದು.

ಈ ಗೆರೆ ದಾಟುವುದು ಏಪ್ರಿಲ್-ಮೇಯಲ್ಲಿ, ಅದೂ ಊರಿಂದ ನೆಂಟರು ಬಂದಾಗ. ಆದ್ದರಿಂದ ಬೇಸಿಗೆಯಲ್ಲಿ ಪ್ರತಿ ಭಾನುವಾರ ಮೀಟರಿನ ಅಂಕಿಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ಬಿಲ್ಲು ಕೊಡುವವರು ಬರುವ ದಿನದಿಂದ ದಿನಕ್ಕೆ ಲೆಕ್ಕ ಹಿಡಿಯಿರಿ, ಒಂದನೇ ತಾರೀಕಿನಿಂದಲ್ಲ. ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಇನ್ವರ್ಟರ್‌ ಕೂಡ ಬಂದ್ ಮಾಡಿ, ಮೀಟರಿನ ಕೆಂಪು ಚುಕ್ಕೆ ಮಿನುಗುತ್ತಿದೆಯೇ ನೋಡಿ. ಮಿನುಗಿದರೆ ಎಲ್ಲೋ ಸೋರಿಕೆ ಇದೆ, ಅಥವಾ ನಿಮ್ಮ ತಂತಿಗೆ ಬೇರೆ ಯಾವುದೋ ಸೇರಿದೆ. ಬಲ್ಲ ಎಲೆಕ್ಟ್ರಿಷಿಯನ್‌ರನ್ನು ಕರೆಸಿ.

ಹಿಂದಿನ ಊರಿನ ಮನೆಯ ಆರ್‌ಆರ್ ನಂಬರಿಗೆ ನಿಮ್ಮ ಆಧಾರ್ ಜೋಡಣೆಯಾಗಿದ್ದರೆ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಮೊದಲು ಅದನ್ನು ಬಿಡಿಸಿ, ಆಮೇಲೆ ಹೊಸ ಮನೆಗೆ ಅರ್ಜಿ ಹಾಕಿ. ಬಾಡಿಗೆ ಕರಾರುಪತ್ರ ಜೊತೆಗಿರಲಿ. ಹಳೆಯ ಜೋಡಣೆ ಬಿಡಿಸದೆ ತಿಂಗಳುಗಟ್ಟಲೆ ಪೂರ್ತಿ ಬಿಲ್ಲು ಕಟ್ಟಿದವರು ನಮ್ಮಲ್ಲೇ ಇದ್ದಾರೆ.

ಫ್ಯಾನು, ಕೂಲರ್, ಎಸಿ

ಹಳೆಯ ಫ್ಯಾನು 75 ವ್ಯಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟಾರಿನ ಫ್ಯಾನು 30ರ ಸುತ್ತಮುತ್ತ. ದಿನಕ್ಕೆ ಹತ್ತು ಗಂಟೆ ತಿರುಗುವ ಮೂರು ಫ್ಯಾನು ಬದಲಾಯಿಸಿದರೆ ತಿಂಗಳಿಗೆ 40 ಯೂನಿಟ್ ಉಳಿತಾಯ. ಒಂದಕ್ಕೆ ಎರಡೂವರೆಯಿಂದ ಮೂರೂವರೆ ಸಾವಿರ. ಒಟ್ಟಿಗೆ ಕೊಳ್ಳಲಾಗದಿದ್ದರೆ ಮಲಗುವ ಕೋಣೆಯಿಂದ ಆರಂಭಿಸಿ. ಗೋಡೆಯ ಹಳೆಯ ರೆಗ್ಯುಲೇಟರನ್ನು ತೆಗೆಸಿಯೇ ಜೋಡಿಸಬೇಕು. ವರ್ಗವಾದಾಗ ಬಿಚ್ಚಿಕೊಂಡು ಹೋಗಿ, ಅದು ನಿಮ್ಮ ಆಸ್ತಿ.

"ಕೂಲರ್ ದಂಡ" ಎಂಬುದು ಮಂಗಳೂರು ಕಡೆಯವರ ಮಾತು. ಅಲ್ಲಿ ಅದು ಸರಿ, ಗಾಳಿಯಲ್ಲೇ ನೀರಿರುವ ಊರು. ಇಲ್ಲಿ ಮಾರ್ಚ್, ಏಪ್ರಿಲ್ ಒಣಗಾಳಿಯಲ್ಲಿ ಕೂಲರ್ ಚೆನ್ನಾಗಿ ತಂಪು ಮಾಡುತ್ತದೆ, ಎಳೆಯುವುದು ಇನ್ನೂರು ವ್ಯಾಟ್‌ನ ಒಳಗೆ. ಅದನ್ನು ಕಿಟಕಿಯ ಬಳಿಯಿಟ್ಟು ಎದುರಿನ ಬಾಗಿಲು ತುಸು ತೆರೆದಿಡಿ. ಮುಚ್ಚಿದ ಕೋಣೆಯಲ್ಲಿ ನಡೆಸಿದರೆ ಬರಿಯ ಜಿಗುಟು. ಮೇಯಲ್ಲಿ ಅಡ್ಡಮಳೆ ಶುರುವಾದ ಮೇಲೆ ಒಣಗಿಸಿ ಎತ್ತಿಡಿ.

ಎಸಿ ಗಂಟೆಗೆ ಒಂದೇ ಯೂನಿಟ್ ಎಂದು ಹಿಡಿದರೂ ರಾತ್ರಿಗೆ ಎಂಟು, ತಿಂಗಳಿಗೆ 240. ಮೇಲಿನ ಗೆರೆಯನ್ನು ಅದೊಂದೇ ದಾಟಿಸುತ್ತದೆ. ಮನೆಯಲ್ಲಿ ರೋಗಿಗಳು, ಹಸುಗೂಸು, ವಯಸ್ಸಾದವರು ಇದ್ದರೆ ಹಾಕಿಸಿ, ತಪ್ಪೇನಿಲ್ಲ. 26ಕ್ಕಿಟ್ಟು ಜೊತೆಗೆ ಫ್ಯಾನು ತಿರುಗಿಸಿ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6 ಉಳಿಯುತ್ತದೆ.

ನಳ ಬರುವ ದಿನ, ಬಿಸಿನೀರು

ನಿರಂತರ ನೀರಿನ ವಾರ್ಡುಗಳನ್ನು ಬಿಟ್ಟರೆ ಇಲ್ಲಿ ನಳಕ್ಕೆ ನೀರು ಬರುವುದು ಹಲವು ದಿನಕ್ಕೊಮ್ಮೆ. ಅಂದು ಊರೆಲ್ಲ ಮೋಟಾರು ಹಾಕುತ್ತದೆ. ಟ್ಯಾಂಕು ತುಂಬಿ ಮಾಳಿಗೆಯಿಂದ ಧೋ ಎಂದು ಸುರಿಯುತ್ತಿದ್ದರೂ ಒಳಗೆ ಟಿವಿ ನೋಡುತ್ತಿರುವವರಿಗೆ ನಮ್ಮ ಮಾತು ಕಟುವೆನಿಸಲಿ: ಅದು ಸವದತ್ತಿಯ ನವಿಲುತೀರ್ಥದಿಂದ ಪಂಪು ಮಾಡಿ ತಂದ ಮಲಪ್ರಭೆಯ ನೀರು, ಎರಡೆರಡು ಸಲ ವಿದ್ಯುತ್ತು ಉಂಡು ನಿಮ್ಮ ಟ್ಯಾಂಕಿಗೆ ಏರಿದೆ. ಒಂದು ಅಶ್ವಶಕ್ತಿಯ ಮೋಟಾರು ಗಂಟೆಗೆ ಹೆಚ್ಚುಕಡಿಮೆ ಒಂದು ಯೂನಿಟ್ ಎಳೆಯುತ್ತದೆ. ಟ್ಯಾಂಕು ತುಂಬಿದೊಡನೆ ಮೋಟಾರನ್ನು ತಾನೇ ನಿಲ್ಲಿಸುವ ಫ್ಲೋಟ್ ಸ್ವಿಚ್ ಹಾಕಿಸಿ.

ಗೀಸರ್ ಎರಡು ಸಾವಿರ ವ್ಯಾಟ್‌ನದು. ಸ್ನಾನಕ್ಕೆ ಹದಿನೈದು ನಿಮಿಷ ಮುಂಚೆ ಹಾಕಿ, ಒಬ್ಬರ ಹಿಂದೊಬ್ಬರು ಮುಗಿಸಿ. ಸ್ವಂತ ಮನೆಯವರಿಗೆ ನೂರು ಲೀಟರಿನ ಸೋಲಾರ್ ಹೀಟರ್ ಒಳ್ಳೆಯದು. ಮೂರು-ನಾಲ್ಕು ಜನಕ್ಕೆ ಸಾಕು. ಕೊಳವೆಬಾವಿಯ ಸವಳು ನೀರಾದರೆ ಒಳಗೆ ಬಿಳಿ ಪದರ ಕಟ್ಟುತ್ತದೆ, ವರ್ಷಕ್ಕೊಮ್ಮೆ ತೆಗೆಸಲೇಬೇಕು.

ಅಡುಗೆಮನೆ

14.2 ಕಿಲೋದ ಒಂದು ಸಿಲಿಂಡರ್ ಉರಿದರೆ 42 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್. ಮಡಕೆಕಾಳು, ಹೆಸರುಕಾಳು ರಾತ್ರಿಯೇ ನೆನೆಯಲಿ. ಕುಕ್ಕರ್ ಮೊದಲ ಸೀಟಿ ಹಾಕಿದ ಮೇಲೆ ಉರಿ ಸಣ್ಣದಾಗಲಿ. ರೊಟ್ಟಿ ಕಲಿತಿದ್ದರೆ ಎಲ್ಲವನ್ನೂ ಒಂದೇ ಸಲ ಬೇಯಿಸಿ, ಕೊನೆಗೆ ಉಳಿದ ಹಂಚಿನ ಬಿಸಿಯಲ್ಲಿ ಶೇಂಗಾ ಹುರಿಯಿರಿ. ಇಲ್ಲಿನ ಮನೆಗಳಲ್ಲಿ ಚಟ್ನಿಪುಡಿಗೆ ಹೀಗೆಯೇ ಹುರಿಯುತ್ತಾರೆ.

ಉಳಿದವು

- ಬಲ್ಬು, ಟ್ಯೂಬ್‌ಲೈಟ್: ಎಲ್ಲ ಎಲ್‌ಇಡಿ
- ಫ್ರಿಜ್: ಗೋಡೆಯಿಂದ ಒಂದು ಗೇಣು ದೂರ, ಬಾಗಿಲ ರಬ್ಬರಿನಲ್ಲಿ ಕಾಗದ ಜಾರಿದರೆ ರಬ್ಬರ್ ಬದಲಿಸಿ
- ಟಿವಿ ಪೆಟ್ಟಿಗೆ: ರಾತ್ರಿ ಗೋಡೆಯಲ್ಲೇ ಬಂದ್
- ಇಸ್ತ್ರಿ: ವಾರಕ್ಕೊಮ್ಮೆ ಒಟ್ಟಿಗೆ

ಸೌರ ಫಲಕ

ಸ್ವಂತ ಮಾಳಿಗೆ ಇದ್ದವರಿಗೆ ಮಾತ್ರ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟ್‌ಗೆ 60,000 ರೂಪಾಯಿ, ಮೂರಕ್ಕೆ 78,000 ರೂಪಾಯಿ ಸಹಾಯಧನವಿದೆ. ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಜುಲೈ-ಆಗಸ್ಟ್‌ನ ಮೋಡದಲ್ಲಿ ಕಡಿಮೆ. ಫಲಕದ ನೆರಳಿಗೆ ಸ್ಲ್ಯಾಬೂ ತಣ್ಣಗಾಗುತ್ತದೆ. ಆಳೆತ್ತರದ ಚೌಕಟ್ಟನ್ನೇ ಕೇಳಿ ಹಾಕಿಸಿ. ಸದಸ್ಯರೊಬ್ಬರಿಗೆ ಮಾರಾಟಗಾರರು ತಗ್ಗಿನಲ್ಲಿ ಕೂರಿಸಿಕೊಟ್ಟು ಹೋದರು, ಈಗ ಟ್ಯಾಂಕು ತೊಳೆಯಲು ತೆವಳಿಕೊಂಡು ಹೋಗಬೇಕು.

ಗದಗ, ಹಾವೇರಿಗೆ ಹೋಗುವವರಿಗೆ

ಮೇಲಿನದೆಲ್ಲ ಅಲ್ಲಿಗೂ ಸಲ್ಲುತ್ತದೆ. ಗದಗದಲ್ಲಿ ಬಿಸಿಲು ಇನ್ನೂ ಒಣ, ಗಾಳಿ ಇನ್ನೂ ಜೋರು. ಪತ್ರಾಸು, ಫಲಕಗಳ ಬೋಲ್ಟುಗಳನ್ನು ಮುಂಗಾರಿನ ಮೊದಲು ಬಿಗಿ ಮಾಡಿಸಿ.

ಸಂಘದಿಂದ ಸಿಗುವುದು

ಏಣಿ, ತಗಡಿನ ಡ್ರಮ್, ಉದ್ದ ಹಿಡಿಯ ಕುಂಚಗಳು ನಮ್ಮಲ್ಲಿವೆ. ಹೆಸರು ಬರೆಸಿ ಒಯ್ಯಿರಿ, ಬಾಡಿಗೆ ಇಲ್ಲ. ಫೆಬ್ರವರಿ ಕೊನೆಯಲ್ಲಿ ಬೇಡಿಕೆ ಹೆಚ್ಚಿರುವುದರಿಂದ ಎರಡು ದಿನದೊಳಗೆ ಹಿಂದಿರುಗಿಸಿ. ಮೊದಲ ಸಲ ಸುಣ್ಣ ಹೊಡೆಯುವವರ ಮನೆಗೆ ನಮ್ಮವರು ಇಬ್ಬರು ಬಂದು ಜೊತೆಗೆ ನಿಲ್ಲುತ್ತಾರೆ. ಸುಣ್ಣ ಹಿಂದಿನ ರಾತ್ರಿಯೇ ನೆನೆದಿರಬೇಕು, ಕುಂಚ ತೊಳೆದೇ ಕೊಡಬೇಕು.