ಕ್ಯಾಲಿಪರ್ ದೊಡ್ಡದಾಯಿತು, ಮಾಸ್ಟರ್ ಸಿಲಿಂಡರ್ ಎಷ್ಟಿರಬೇಕು?

ಎಂಜಿನ್ ಬದಲಿಸಿ, ಅಗಲದ ಟೈರ್ ಹಾಕಿಸಿದ ಮೇಲೆ ಮುಂದಿನ ಆಸೆ ಬ್ರೇಕ್ ಮೇಲೆ. ಡಿಸ್ಕನ್ನು ಪ್ಯಾಡ್‌ಗಳ ನಡುವೆ ಅಮುಕಿ ಹಿಡಿಯುವ ಕ್ಯಾಲಿಪರ್, ಅದೂ ನಾಲ್ಕು ಪಿಸ್ಟನ್ನಿನದು, ತಂದು ಕೂರಿಸಿದ್ದೂ ಆಯಿತು. ಆದರೆ ಮೊದಲ ಓಟದಲ್ಲೇ ಪೆಡಲ್ ಮೊದಲಿಗಿಂತ ತುಂಬ ಕೆಳಗಿಳಿಯುತ್ತದೆ. ‘ಗಾಳಿ ಸೇರಿರಬೇಕು’ ಎಂದು ಮೂರು ಸಲ ಬ್ಲೀಡಿಂಗ್ ಮಾಡಿ ಪೈಪಿನ ಗಾಳಿ ಹೊರಹಾಕಿದರೂ ಅದೇ ಕಥೆ. ಇಂಥ ಕಡೆ ಎಷ್ಟೋ ಸಲ ತಪ್ಪಿರುವುದು ಗಾಳಿಯಲ್ಲ, ಲೆಕ್ಕ: ಕ್ಯಾಲಿಪರ್‌ಗೂ, ಪೆಡಲ್ ತುಳಿದಾಗ ಅದಕ್ಕೆ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ಗೂ ಇರುವ ಲೆಕ್ಕ.

ಕೆಲವರು ಇದಕ್ಕೆ ಉಲ್ಟಾ ದಾರಿ ಹಿಡಿಯುತ್ತಾರೆ. ನಾನೂ ಒಮ್ಮೆ ಹಿಡಿದಿದ್ದೆ: ಸಿಕ್ಕಿದ್ದರಲ್ಲಿ ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕಿಸಿದೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಯಿತು, ಬ್ರೇಕ್ ಚೆನ್ನಾಗಿದೆ ಎಂದುಕೊಂಡೆ. ಇಳಿಜಾರಿನಲ್ಲಿ ಸೀಟಿಗೆ ಬೆನ್ನು ಒತ್ತಿ ತುಳಿದರೂ ಕಾರು ನಿಲ್ಲಲು ಒಲ್ಲೆ ಎಂದಾಗ ಅರ್ಥವಾಯಿತು, ಗಟ್ಟಿ ಪೆಡಲ್ ಎಂದರೆ ಬಲವಾದ ಬ್ರೇಕ್ ಅಲ್ಲ.

ಒಳಗೆ ನಡೆಯುವುದು ಇಷ್ಟೇ. ಮಾಸ್ಟರ್‌ನಲ್ಲಿ ಹುಟ್ಟಿದ ಒತ್ತಡ ಪೈಪಿನುದ್ದಕ್ಕೂ ಒಂದೇ ಇರುತ್ತದೆ. ಮಾಸ್ಟರ್ ಬೋರ್ (ಒಳವ್ಯಾಸ) ಚಿಕ್ಕದಾದಷ್ಟೂ ಅದೇ ತುಳಿತಕ್ಕೆ ಒತ್ತಡ ಹೆಚ್ಚು. ಕ್ಯಾಲಿಪರ್ ಪಿಸ್ಟನ್ ಅಗಲವಾದಷ್ಟೂ ಪ್ಯಾಡ್ ಮೇಲಿನ ಬಲ ಹೆಚ್ಚು. ಗಳಿಸಿದ ಬಲದ ಬೆಲೆಯನ್ನು ಪೆಡಲ್ ಓಡಾಟದಲ್ಲಿ ತೆರಬೇಕು.

ಹಾಗಾಗಿ ಮೊದಲ ಕೆಲಸ ಅಳತೆ. ಹಳೆಯ ಮತ್ತು ಹೊಸ ಕ್ಯಾಲಿಪರ್‌ನ ಪಿಸ್ಟನ್ ವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಮಾಸ್ಟರ್ ಬೋರ್ ಎಷ್ಟೋ ಸಲ ಅದರ ಮೈಮೇಲೇ ಅಚ್ಚಾಗಿರುತ್ತದೆ. ವ್ಯಾಸವನ್ನು ಅದರಿಂದಲೇ ಗುಣಿಸಿ, ಮತ್ತೆ 0.785ರಿಂದ ಗುಣಿಸಿದರೆ ವಿಸ್ತೀರ್ಣ.

ಇಲ್ಲೇ ಹೆಚ್ಚಿನವರು ಎಡವುವುದು. ನಾಲ್ಕು ಪಿಸ್ಟನ್ ಇದ್ದರೆ ನಾಲ್ಕನ್ನೂ ಕೂಡಿಸಬೇಡಿ, ಒಂದು ಬದಿಯ ಎರಡನ್ನು ಮಾತ್ರ ಕೂಡಿಸಿ. ಹಳೆಯ, ಒಂದೇ ಪಿಸ್ಟನ್ನಿನ ಜಾರುವ ಕ್ಯಾಲಿಪರ್ ತನ್ನ ಮೈಯನ್ನೇ ಎಳೆದುಕೊಂಡು ಇನ್ನೊಂದು ಬದಿಯ ಪ್ಯಾಡನ್ನೂ ಅಷ್ಟೇ ಬಲದಿಂದ ಒತ್ತುತ್ತದೆ. ಅದರ ಆ ಒಂದು ಪಿಸ್ಟನ್ನಿಗೆ ಸಮನಾಗಿ ನಿಲ್ಲುವುದು ಹೊಸದರ ಒಂದು ಬದಿ ಮಾತ್ರ.

ಹಳೆಯದು 54 ಮಿ.ಮೀ. ಪಿಸ್ಟನ್, ಮಾಸ್ಟರ್ 20.64 ಮಿ.ಮೀ. ಎನ್ನೋಣ. ಪಿಸ್ಟನ್ನಿನ ವಿಸ್ತೀರ್ಣ 2290 ಚದರ ಮಿ.ಮೀ.ಯನ್ನು ಮಾಸ್ಟರ್‌ನ 335ರಿಂದ ಭಾಗಿಸಿದರೆ ಅನುಪಾತ ಸುಮಾರು 6.8. ಹೊಸ ಕ್ಯಾಲಿಪರ್‌ನಲ್ಲಿ ಬದಿಗೆ 40 ಮತ್ತು 44 ಮಿ.ಮೀ. ಪಿಸ್ಟನ್, ವಿಸ್ತೀರ್ಣ 2777, ಅನುಪಾತ 8.3. ಮುಂದಿನ ಚಕ್ರಗಳು ಈಗ ಶೇ 21ರಷ್ಟು ಹೆಚ್ಚು ಬ್ರೇಕ್ ಆಯಿಲ್ ಕೇಳುತ್ತವೆ. ಪೆಡಲ್ ಇಳಿದದ್ದು ಅದಕ್ಕೇ. ಮಾಸ್ಟರನ್ನು 22.22 ಮಿ.ಮೀ.ಗೆ ಏರಿಸಿದರೆ ಅನುಪಾತ 7.2ರ ಹತ್ತಿರ ಬಂದು ಕಾಲಿಗೆ ಹಳೆಯ ಪರಿಚಯ ಸಿಗುತ್ತದೆ. 23.81 ಹಾಕಿದರೆ 6.2, ಪೆಡಲ್ ಮೊದಲಿಗಿಂತ ಭಾರ.

ಆದರೆ ಮಾಸ್ಟರ್ ಬದಲಿಸಿದ್ದರಿಂದ ಎಲ್ಲ ಸರಿಹೋಗಲಿಲ್ಲ. ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಮಾಸ್ಟರ್ ಗಾತ್ರ ಪೆಡಲ್ಲನ್ನು ತಿದ್ದುತ್ತದೆ, ಮುಂದು–ಹಿಂದಿನ ಸಮತೋಲವನ್ನಲ್ಲ. ಹಿಂದಿನ ಚಕ್ರದ ಬ್ರೇಕಿಗೆ ಹೋಲಿಸಿದರೆ ಮುಂದಿನ ಬ್ರೇಕಿನ ಬಲ ಮೊದಲಿಗಿಂತ ಶೇ 21 ಹೆಚ್ಚಾಗಿಯೇ ಉಳಿಯುತ್ತದೆ. ಜೊತೆಗೆ ಡಿಸ್ಕನ್ನು 256ರಿಂದ 280 ಮಿ.ಮೀ.ಗೆ ಏರಿಸಿದ್ದರೆ, ಪ್ಯಾಡ್ ಹಿಡಿಯುವ ಜಾಗ ನಡುವಿನಿಂದ ದೂರ ಸರಿದು ಇನ್ನೂ ಸುಮಾರು ಶೇ 12 ಸೇರುತ್ತದೆ. ಆಗ ಮುಂದಿನ ಚಕ್ರ ಬೇಗ ಲಾಕ್ ಆಗುತ್ತದೆ, ಅಂದರೆ ತಿರುಗದೆ ಜಾರುತ್ತದೆ, ಹಿಂದಿನ ಬ್ರೇಕ್ ಪಾಲಿನ ಕೆಲಸ ಮಾಡದೆ ಉಳಿಯುತ್ತದೆ, ನಿಲ್ಲುವ ದೂರ ಮೊದಲಿಗಿಂತ ಹೆಚ್ಚಲೂಬಹುದು. ಪ್ರೊಪೋರ್ಷನಿಂಗ್ ವಾಲ್ವ್ ಹಾಕೋಣವೆಂದರೆ ಅದು ಹಿಂದಿನ ಒತ್ತಡವನ್ನು ತಗ್ಗಿಸಬಲ್ಲದೇ ಹೊರತು ಹೆಚ್ಚಿಸಲಾರದು.

ಅದಕ್ಕೇ ನನ್ನ ಸಲಹೆ, ಬದಿಗೆ 36 ಮತ್ತು 40 ಮಿ.ಮೀ. ಪಿಸ್ಟನ್ ಇರುವುದನ್ನು ಹುಡುಕಿ. ವಿಸ್ತೀರ್ಣ 2275, ಹಳೆಯದಕ್ಕೆ ಹೆಚ್ಚುಕಡಿಮೆ ಸಮ. ಮಾಸ್ಟರ್ ಮುಟ್ಟುವ ಅಗತ್ಯವೇ ಇಲ್ಲ. ಬಿಸಿ ತಡೆಯುವ ದೊಡ್ಡ ಡಿಸ್ಕ್, ದೊಡ್ಡ ಪ್ಯಾಡ್ ಸಿಕ್ಕವು, ಸಮತೋಲವೂ ಅಷ್ಟಾಗಿ ಕದಲಲಿಲ್ಲ. ಕಾರಿನಲ್ಲಿ ಎಬಿಎಸ್ ಇದ್ದರಂತೂ ಮೂಲ ಅಳತೆಗೆ ಹತ್ತಿರ ಇರುವುದೇ ಕ್ಷೇಮ.

ಮಾಸ್ಟರ್ ಬದಲಿಸಲೇಬೇಕಾದರೆ ತುಳಿತದ ಬಲ ಹೆಚ್ಚಿಸುವ ಬೂಸ್ಟರ್‌ನಿಂದ ಮಾಸ್ಟರ್‌ನ ಪಿಸ್ಟನ್ನನ್ನು ತಳ್ಳುವ ಪುಶ್‌ರಾಡ್‌ನ ಉದ್ದ ನೋಡಿ. ರಾಡ್ ತುಸು ಉದ್ದವಾದರೂ ಕಾಲು ತೆಗೆದ ಮೇಲೆ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ. ಆಯಿಲ್ ವಾಪಸಾಗುವ ಸಣ್ಣ ರಂಧ್ರ ಮುಚ್ಚಿಕೊಂಡು ಬ್ರೇಕ್ ಹಿಡಿದೇ ಇರುತ್ತದೆ, ಡಿಸ್ಕ್ ಕಾಯುತ್ತದೆ. ಪೈಪ್ ನಟ್‌ಗಳ ಮರೆಯೂ (ಥ್ರೆಡ್) ಹೊಂದಬೇಕು. 10 ಮಿ.ಮೀ. ಮೆಟ್ರಿಕ್ ನಟ್ಟೂ 3/8 ಇಂಚಿನದೂ ಕಣ್ಣಿಗೆ ಒಂದೇ. ಬಲವಂತವಾಗಿ ತಿರುಗಿಸಿದರೆ ಮರೆ ಹಾಳು, ಸೋರಿಕೆ ಖಂಡಿತ.

ಕ್ಯಾಲಿಪರ್ ಕೂರಿಸುವಾಗ ಬ್ಲೀಡ್ ನಿಪ್ಪಲ್ ಮೇಲೆ ಬರಲಿ. ಎಡದ್ದು ಬಲಕ್ಕೆ ಹೋದರೆ ನಿಪ್ಪಲ್ ಕೆಳಗೆ ಬಂದು, ಎಷ್ಟು ಬ್ಲೀಡ್ ಮಾಡಿದರೂ ಗಾಳಿ ಮೇಲೇ ಕೂತಿರುತ್ತದೆ. ಸೀಲು ತೆರೆಯದ, ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಡಬ್ಬಿಯನ್ನೇ ಬಳಸಿ. ನಾವು ಬ್ರೇಕ್ ಆಯಿಲ್ ಎಂದರೂ ಅದು ಎಣ್ಣೆಯಲ್ಲ. ಎಂಜಿನ್ ಆಯಿಲ್ ಒಂದಿಷ್ಟು ಬೆರೆತರೂ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ.

ಎಂಜಿನ್ ಚಾಲೂ ಇಟ್ಟು ಪೆಡಲ್ಲನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ನಿಧಾನವಾಗಿ ಜಾರಿದರೆ ರಸ್ತೆಗೆ ಇಳಿಯಬೇಡಿ. ಪೆಡಲ್ ಜಾರದೆ ನಿಂತರೆ, ಖಾಲಿ ಮೈದಾನದಲ್ಲಿ 20 ಕಿ.ಮೀ. ವೇಗದಿಂದ ಶುರು ಮಾಡಿ, ಹಂತಹಂತವಾಗಿ ಏರಿಸಿ. ಯಾವ ಚಕ್ರ ಮೊದಲು ಲಾಕ್ ಆಗುತ್ತದೆಂದು ಹೊರಗೆ ಒಬ್ಬರು ನಿಂತು ನೋಡಲಿ. ಹಿಂದಿನದು ಮೊದಲು ಲಾಕ್ ಆದರೆ ಕಾರು ತಿರುಗಿಬಿಡುತ್ತದೆ, ಅಲ್ಲಿಗೇ ನಿಲ್ಲಿಸಿ. ರಾತ್ರಿ ಪ್ರತಿ ಜೋಡಣೆಯ ಕೆಳಗೆ ಬಿಳಿ ಕಾಗದ ಹಾಸಿಟ್ಟು, ಬೆಳಗ್ಗೆ ಅದರ ಮೇಲೆ ಹನಿ ಬಿದ್ದಿದೆಯೇ ನೋಡಿದ ಮೇಲೆಯೇ ಕೀ ತಿರುಗಿಸಿ.