ಮೆರೊಪೆನೆಮ್ ಹಾಕುವ ಮೊದಲು ಫಿಟ್ಸ್ ಮಾತ್ರೆಯ ಹೆಸರು ಓದಿ: ನನ್ನ ಕೆಂಪು ಚೀಟಿ

ನಾನು ವಾರ್ಡಿನಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್. ಫಿಟ್ಸ್ ಮಾತ್ರೆ ತಗೊಳ್ಳುವವರು ಸೋಂಕು ಅಂತ ಅಡ್ಮಿಟ್ ಆದರೆ ಅವರ ಚಾರ್ಟಿಗೆ ಆ ಮಾತ್ರೆಯ ಹೆಸರು ಬರೆದ ಒಂದು ಕೆಂಪು ಚೀಟಿ ಅಂಟಿಸುತ್ತೇನೆ, ಯಾಕೆಂದರೆ ಕೆಲವು ಆಂಟಿಬಯೋಟಿಕ್‌ಗಳು ಫಿಟ್ಸ್ ಮಾತ್ರೆಯ ಜೊತೆ ಹೊಂದುವುದಿಲ್ಲ. ಇಷ್ಟೇ ನನ್ನ ಪದ್ಧತಿ. ಶುರುವಿನಲ್ಲಿ ಎಲ್ಲರೂ ನಕ್ಕರು. "ಅಲ್ಲ ಮೇಡಂ, ಇಲ್ಲಿ ಬಿಪಿ ಬೀಳ್ತಾ ಇದೆ, ನೀವು ಚೀಟಿ ಅಂಟಿಸ್ತಾ ಕೂತಿದ್ದೀರಾ?" ಎಂದಿದ್ದರು ಒಬ್ಬರು. ಈಗ ಅವರೇ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಕೇಳುತ್ತಾರೆ.

ಇದೆಲ್ಲ ಹುಟ್ಟಿದ್ದು ಒಂದು ದೊಡ್ಡ ಎಡವಟ್ಟಿನಿಂದ. ನಲವತ್ತರ ಆಸುಪಾಸಿನವರು, ವಾಲ್ಪ್ರೊಯೇಟ್ ಎಂಬ ಫಿಟ್ಸ್ ಮಾತ್ರೆಯ ಮೇಲೆ ವರ್ಷಗಳಿಂದ ಒಂದೂ ಫಿಟ್ಸ್ ಇಲ್ಲ. ನ್ಯುಮೋನಿಯಾ ಅಂತ ಬಂದರು, ಮೆರೊಪೆನೆಮ್ ಎಂಬ ಆಂಟಿಬಯೋಟಿಕ್ ಹೋಯಿತು. ಮೂರನೇ ದಿನ ಜ್ವರ ಇಳಿಯಿತು, ಫಿಟ್ಸ್ ಶುರುವಾಯಿತು. ಬಂದ ದಿನ 70ರ ಹತ್ತಿರ ಇದ್ದ ರಕ್ತದ ವಾಲ್ಪ್ರೊಯೇಟ್ ಲೆವೆಲ್ 10ಕ್ಕಿಂತ ಕೆಳಗೆ! ಡೋಸ್ ತಪ್ಪಿಸಿದ್ದೀರಿ ಅಂತ ಪಾಪ ನರ್ಸ್ ಮೇಲೆ ಗೂಬೆ ಕೂರಿಸಿದೆವು. ಆಮೇಲೆ ಡೋಸ್ ಏರಿಸಿದೆವು, ಮತ್ತೆ ಏರಿಸಿದೆವು, ಹೆಚ್ಚುಕಮ್ಮಿ ದುಪ್ಪಟ್ಟು ಮಾಡಿದೆವು, ಲೆವೆಲ್ ಕದಲಲಿಲ್ಲ. ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ಲೆವೆಲ್ ಬೀಳಿಸಿದ್ದು ಮೆರೊಪೆನೆಮ್. ಐಸಿಯುನಲ್ಲಿ ಆರೋ ಏಳೋ ದಿನ ಜಾಸ್ತಿ, ದಿನಾ ಲೆವೆಲ್ ಟೆಸ್ಟ್, ಮನೆಯವರಿಗೆ ಸಾಲ. ಸೋಂಕಿನ ಖರ್ಚಿಗಿಂತ ನಮ್ಮ ತಪ್ಪಿನ ಖರ್ಚೇ ಹೆಚ್ಚಾಯಿತು.

ಹಾಗಂತ ಕಾರ್ಬಪೆನೆಮ್ (ಮೆರೊಪೆನೆಮ್ ಸೇರಿದ ಆಂಟಿಬಯೋಟಿಕ್ ಗುಂಪು) ಬೇಡವೇ ಬೇಡ ಅಂತ ನಾನು ಹಠ ಹಿಡಿಯುವುದಿಲ್ಲ. ಕಲ್ಚರ್‌ನಲ್ಲಿ (ರೋಗಾಣು ಬೆಳೆಸಿ ನೋಡುವ ಟೆಸ್ಟ್) ಬೇರೆ ಯಾವುದೂ ಕೆಲಸ ಮಾಡಲ್ಲ ಅಂತ ಬಂದರೆ ಕೊಡಲೇಬೇಕಲ್ವಾ? ಆಗ ಮೊದಲ ಡೋಸ್‌ಗೆ ಮುಂಚೆಯೇ, ಕಿಡ್ನಿ ನೋಡಿಕೊಂಡು, ಲೆವೆಟಿರಾಸಿಟಮ್ ಎಂಬ ಇನ್ನೊಂದು ಫಿಟ್ಸ್ ಔಷಧಿ ಶುರು ಮಾಡಿಸುತ್ತೇನೆ. ಇಲ್ಲೂ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಮೆರೊಪೆನೆಮ್ ಮುಗಿದ ದಿನವೇ ಲೆವೆಟಿರಾಸಿಟಮ್ ಅನ್ನೂ ನಿಲ್ಲಿಸಿದರು, ನಾನೂ ಸುಮ್ನೆ ಇದ್ದೆ. ಎರಡು ದಿನಕ್ಕೆ ಫಿಟ್ಸ್. ವಾಲ್ಪ್ರೊಯೇಟ್ ಲೆವೆಲ್ ವಾಪಸ್ ಬರಲು ಒಂದೆರಡು ವಾರ ಬೇಕು. ಈಗ ಚೀಟಿಯಲ್ಲಿ ಲೆವೆಟಿರಾಸಿಟಮ್ ನಿಲ್ಲಿಸುವ ತಾರೀಕನ್ನೂ ಬರೆಯುತ್ತೇನೆ.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ಮೆರೊಪೆನೆಮ್ ತಪ್ಪಿಸುವ ಉತ್ಸಾಹದಲ್ಲಿ ಒಬ್ಬ ಅಜ್ಜಿಗೆ ಸೆಫೆಪೈಮ್ ಎಂಬ ಬೇರೆ ಆಂಟಿಬಯೋಟಿಕ್ ಕೊಡಿ ಎಂದೆ. ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತದ ಟೆಸ್ಟ್) 3ರ ಹತ್ತಿರ ಇತ್ತು, ಅಂದರೆ ಕಿಡ್ನಿ ಸರಿಯಿರಲಿಲ್ಲ, ಡೋಸ್ ಇಳಿಸಲು ಹೇಳಲಿಲ್ಲ. ನಾಲ್ಕನೇ ದಿನ ಅಜ್ಜಿ ಮಂಕಾದರು. ಹೆಸರು ಕೇಳಿದರೆ ಪ್ರಶ್ನೆಯನ್ನೇ ತಿರುಗಿ ಹೇಳುತ್ತಿದ್ದರು, ಬಾಯಿಯ ಮೂಲೆ ಅದುರುತ್ತಿತ್ತು. ಸೋಂಕು ಜಾಸ್ತಿಯಾಗಿದೆ ಅಂತ ಎಲ್ಲರೂ ಅಂದುಕೊಂಡೆವು. ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕೆ ನೋಡುವ ಟೆಸ್ಟ್) ಮಾಡಿದರೆ ಒಳಗೊಳಗೇ ಫಿಟ್ಸ್ ನಡೀತಾ ಇದೆ. ಸೆಫೆಪೈಮ್ ನಿಲ್ಲಿಸಿದ ಮೂರು ದಿನಕ್ಕೆ ಮಾತು ಸರಿಹೋಯಿತು. ಈಗ ಕ್ರಿಯಾಟಿನಿನ್ ನೋಡದೆ ನಾನು ಬಾಯಿ ತೆರೆಯುವುದಿಲ್ಲ.

ಕಾರ್ಬಮಜಪೀನ್ ಎಂಬ ಫಿಟ್ಸ್ ಮಾತ್ರೆಯ ಜೊತೆ ಅದರ ಲೆವೆಲ್ ಏರಿಸುವ ಆಂಟಿಬಯೋಟಿಕ್ ಕ್ಲಾರಿಥ್ರೊಮೈಸಿನ್ ಕೊಟ್ಟು, ಒಂದು ಎರಡಾಗಿ ಕಾಣುತ್ತೆ, ತೂರಾಡ್ತಾರೆ ಅಂತ ತಲೆಗೆ ಸ್ಕ್ಯಾನ್ ಮಾಡಿಸಿದ್ದನ್ನು ನೀವೂ ನೋಡಿರುತ್ತೀರಿ. ಅಜಿಥ್ರೊಮೈಸಿನ್‌ಗೆ ಬದಲಿಸಿದರೆ ಮುಗೀತು. ಟಿಬಿ ಔಷಧಿ ಐಸೋನಿಯಜಿಡ್ ಶುರುವಾದರೆ ಫೆನಿಟೊಯಿನ್ ಎಂಬ ಫಿಟ್ಸ್ ಮಾತ್ರೆಯ ಲೆವೆಲ್ ಏರುತ್ತದೆ, ಅದಕ್ಕೂ ಚೀಟಿ.

ಮಧ್ಯೆ ಒಂದು ಪ್ರಯೋಗವನ್ನೂ ಮಾಡಿದೆವು. ದೊಡ್ಡ ಫಿಟ್ಸ್ ಆದ ಮೇಲೆ ಸೋಂಕಿಲ್ಲದೆಯೂ ಮೈ ಬಿಸಿಯಾಗುತ್ತದೆ, ಬಿಳಿ ರಕ್ತಕಣ ಏರುತ್ತದೆ. ಅಂಥವರಲ್ಲಿ ಎದೆ ಸ್ವಚ್ಛವಿದ್ದು ಪೂರ್ತಿ ಎಚ್ಚರಗೊಂಡವರಿಗೆ ಆಂಟಿಬಯೋಟಿಕ್ ತಡೆಹಿಡಿದು ಕೆಲವು ಗಂಟೆ ಬಿಟ್ಟು ಮತ್ತೆ ಟೆಸ್ಟ್ ಮಾಡಿಸಿದೆವು. ಹತ್ತರಲ್ಲಿ ಆರೇಳು ಜನರಿಗೆ ಮಾರನೇ ದಿನ ಎಲ್ಲ ನಾರ್ಮಲ್. ಆದರೆ ಒಬ್ಬರಿಗೆ ವಾಂತಿ ಶ್ವಾಸಕೋಶಕ್ಕೆ ಹೋಗಿತ್ತು, ಸಂಜೆಗೇ ಆಕ್ಸಿಜನ್ ಇಳಿಯಿತು. ಗಂಟೆಗೊಮ್ಮೆ ನೋಡುವವರು ಇಲ್ಲದಿದ್ದರೆ ಇದಕ್ಕೆ ಕೈಹಾಕಬೇಡಿ.

ಮನೆಯವರ ಬಾಯಿಂದ ತಪ್ಪಿದ ಡೋಸ್ ಹೊರಡಿಸಲು ನಾನು ಕೇಳುವ ಪ್ರಶ್ನೆಯೊಂದಿದೆ. ಅದನ್ನು ಇಲ್ಲಿ ಹೇಳಲ್ಲ, ಹೇಳಿದರೆ ಎಲ್ಲರೂ ಉತ್ತರ ಕಲಿತುಬಿಡ್ತಾರೆ. ಚೀಟಿಗೆ ಮಾತ್ರ ಪೆನ್ಸಿಲ್ ಬಳಸಿ. ಸ್ಯಾನಿಟೈಸರ್ ಬಿದ್ದರೆ ಪೆನ್ನಿನ ಶಾಯಿ ಹರಡಿ ಔಷಧಿಯ ಹೆಸರೇ ಕಾಣಲ್ಲ.