ಬರಿಯ ಮೆಥನಾಲ್ ಹಾಕಿದ ಕುಳಿ

ಸೀಬೆ ಎಲೆಯ ಸತ್ವ ಮೊದಲ ಸಲ ಬ್ಯಾಕ್ಟೀರಿಯಾ ಕೊಂದ ದಿನ ನನಗೆ ನೆಲ ಕಾಣಲಿಲ್ಲ. ಸ್ಟೆಫೈಲೊಕಾಕಸ್ ಔರಿಯಸ್ ಎಂಬ ಬ್ಯಾಕ್ಟೀರಿಯಾ ಹರಡಿದ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಪ್ಲೇಟಿನಲ್ಲಿ, ಸತ್ವ ಹಾಕಿದ ಕುಳಿಯ ಸುತ್ತ ಏನೂ ಬೆಳೆಯದೆ ಗಾಜಿನಷ್ಟು ತಿಳಿಯಾದ ವೃತ್ತ. ಸ್ಕೇಲ್ ಇಟ್ಟರೆ 19 ಮಿ.ಮೀ. ಪ್ಲೇಟು ಹಿಡಿದುಕೊಂಡು ಗೈಡ್ ಮೇಡಂ ಹತ್ತಿರ ಓಡಿದೆ. ಅವರು ಅದನ್ನು ಬೆಳಕಿಗೆ ಹಿಡಿದು ಒಂದೇ ಮಾತು ಕೇಳಿದರು: ‘ಬರೀ ದ್ರಾವಕ ಹಾಕಿದ ಕುಳಿ ಯಾವುದು?’

ಅಂಥ ಕುಳಿಯನ್ನೇ ನಾನು ಕೊರೆದಿರಲಿಲ್ಲ. ಆತುರಕ್ಕೆ ಬಿದ್ದು, ಎಲೆಪುಡಿ ನೆನೆಸಿದ ಮೆಥನಾಲನ್ನು ಸೋಸಿ, ಆವಿ ಮಾಡದೆ ಹಾಗೇ ಕುಳಿಗೆ ಸುರಿದಿದ್ದೆ. ಮರುದಿನ ಪಕ್ಕದಲ್ಲೇ ಇನ್ನೊಂದು ಕುಳಿ ಕೊರೆದು ಬರಿಯ ಮೆಥನಾಲ್ ಹಾಕಿದೆ. ಅದೂ 11 ಮಿ.ಮೀ. ವೃತ್ತ ಬಿಟ್ಟಿತು! ಕುಳಿಯ ಅಗಲವೇ 6 ಮಿ.ಮೀ. ಅಂದಮೇಲೆ ನನ್ನ ಹತ್ತೊಂಬತ್ತರಲ್ಲಿ ಎಲೆಯ ಪಾಲೆಷ್ಟು, ಮೆಥನಾಲಿನ ಪಾಲೆಷ್ಟು ಎಂದು ಹೇಳುವಂತಿರಲಿಲ್ಲ.

ಎಲ್ಲವನ್ನೂ ಮೊದಲಿನಿಂದ ಶುರುಮಾಡಿದೆ. ಮೊದಲ ಕಂತಿನ ಎಲೆಗೆ ಬೂಸ್ಟು ಹಿಡಿಯಿತು, ರಾಶಿ ಹಾಕಿ ಒಣಗಿಸಿದ್ದೇ ತಪ್ಪು. ಎಲೆಯಲ್ಲಿ ನೀರು ಇರುವಷ್ಟು ದಿನ ಅದರ ಕಿಣ್ವಗಳು ಕೆಲಸ ನಿಲ್ಲಿಸುವುದಿಲ್ಲ. ನಮಗೆ ಬೇಕಾದ ಸಸ್ಯರಾಸಾಯನಿಕಗಳಾದ ಫೀನಾಲ್‌ಗಳನ್ನೇ ತಿಂದು ಎಲೆಯನ್ನು ಕಂದಾಗಿಸುತ್ತವೆ. ಎರಡನೇ ಸಲ ತೆಳ್ಳಗೆ ಹರಡಿ, ನೆರಳಲ್ಲಿ, ಗಾಳಿ ಆಡುವ ಕಡೆ ಇಟ್ಟೆ. ಮುರಿದರೆ ಚಟ್ ಎಂದು ಸದ್ದು ಬರುವವರೆಗೂ ಪುಡಿ ಮಾಡಲಿಲ್ಲ.

50 ಗ್ರಾಂ ಪುಡಿಗೆ 500 ಮಿ.ಲೀ. ಮೆಥನಾಲ್, ಅದರಲ್ಲಿ ಐದನೇ ಒಂದು ಭಾಗ ನೀರು. ಶುದ್ಧ ಮೆಥನಾಲಿಗಿಂತ ಸ್ವಲ್ಪ ನೀರು ಬೆರೆತದ್ದು ಫೀನಾಲ್‌ಗಳನ್ನು ಚೆನ್ನಾಗಿ ಎಳೆಯುತ್ತದೆ. 72 ಗಂಟೆ ಶೇಕರ್ ಮೇಲೆ ಬಿಟ್ಟು, ವಾಟ್‌ಮನ್ 1ನೇ ನಂಬರಿನ ಕಾಗದದಲ್ಲಿ ಸೋಸಿ, ದ್ರಾವಕವನ್ನು ಆವಿ ಮಾಡಿ ತೆಗೆಯುವ ರೋಟರಿ ಇವ್ಯಾಪೊರೇಟರಿಗೆ 40 ಡಿಗ್ರಿಯಲ್ಲಿ ಹಾಕಿದೆ. ಕೊನೆಗೆ ಫ್ಲಾಸ್ಕಿನ ತಳದಲ್ಲಿ ಕಡುಹಸಿರು ಅಂಟು ಉಳಿಯಿತು. ಎಷ್ಟು ಉಳಿಯಿತು? ಖಾಲಿ ಫ್ಲಾಸ್ಕಿನ ತೂಕ ಬರೆದಿಡುವುದನ್ನು ಮರೆತಿದ್ದೆ. ತೂಗಲು ಆ ಅಂಟನ್ನೇ ಕೆರೆದು ತೆಗೆಯಬೇಕಾಯಿತು, ಅದಕ್ಕೆ ಅರ್ಧ ದಿನ ಹೋಯಿತು.

ಹೆಚ್ಚು ಬಿಸಿ ಮಾಡಿದರೆ ಬೇಗ ಮುಗಿಯುವುದಿಲ್ಲವೇ ಎಂದು ಜೂನಿಯರ್‌ಗಳು ಕೇಳುತ್ತಾರೆ. ಅವರಿಗೆ ನಾನು ತೂ ಯೂಯೂ ಕಥೆ ಹೇಳುತ್ತೇನೆ. ಚೀನಾದ ಈ ವಿಜ್ಞಾನಿ ಮಲೇರಿಯಾಕ್ಕೆ ಮದ್ದು ಹುಡುಕುವಾಗ ಬಿಸಿ ಮಾಡಿ ತೆಗೆದ ಸತ್ವ ಕೈಕೊಡುತ್ತಿತ್ತು. 1971ರಲ್ಲಿ ಅವರು ಸುಮಾರು 35 ಡಿಗ್ರಿಗೇ ಕುದಿಯುವ ಈಥರ್ ಬಳಸಿ ಕಡಿಮೆ ಶಾಖದಲ್ಲಿ ಸತ್ವ ತೆಗೆದರು. ಅದು ಕೆಲಸ ಮಾಡಿತು. ಆರ್ಟೆಮಿಸಿನಿನ್ ಸಿಕ್ಕಿದ್ದು ಆ ದಾರಿಯಲ್ಲಿ. 2015ರಲ್ಲಿ ನೊಬೆಲ್ ಬಂತು.

ಒಣಗಿದ ಅಂಟನ್ನು ತೂಕ ಮಾಡಿ ಇನ್ನೊಂದು ದ್ರಾವಕವಾದ ಶೇ. 10ರ ಡಿಎಂಎಸ್‌ಒದಲ್ಲಿ ಕರಗಿಸಿದೆ. ಬ್ಯಾಕ್ಟೀರಿಯಾವನ್ನು 0.5 ಮ್ಯಾಕ್‌ಫರ್ಲಾಂಡ್ ಮಬ್ಬಿಗೆ, ಅಂದರೆ ಮಿ.ಲೀ.ಗೆ ಸುಮಾರು 15 ಕೋಟಿ ಕೋಶಗಳಿಗೆ, ಹೊಂದಿಸಿದೆ. 4 ಮಿ.ಮೀ. ದಪ್ಪದ ಮ್ಯೂಲರ್ ಹಿಂಟನ್ ಅಗರ್. ಈ ದಪ್ಪದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಆದರೆ ಅಗರ್ ತೆಳುವಾದರೆ ವೃತ್ತ ಸುಮ್ಮನೆ ದೊಡ್ಡದಾಗಿ ಕಾಣುತ್ತದೆ. ಒಂದು ಕುಳಿಯಲ್ಲಿ ಸತ್ವ, ಒಂದರಲ್ಲಿ ಹೋಲಿಕೆಗೆ ಜೆಂಟಾಮೈಸಿನ್ ಎಂಬ ಆ್ಯಂಟಿಬಯಾಟಿಕ್, ಒಂದರಲ್ಲಿ ಬರಿಯ ಡಿಎಂಎಸ್‌ಒ. ಮರುದಿನ ಡಿಎಂಎಸ್‌ಒ ಕುಳಿಯ ಅಂಚಿನವರೆಗೂ ಬ್ಯಾಕ್ಟೀರಿಯಾ ಬೆಳೆದಿತ್ತು. ಸತ್ವದ್ದು 13 ಮಿ.ಮೀ. ಹತ್ತೊಂಬತ್ತು ಕಂಡಾಗ ಆಗದಷ್ಟು ಸಮಾಧಾನ ಈ ಹದಿಮೂರರಿಂದ ಆಯಿತು.

ಇ. ಕೋಲಿ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಪ್ಲೇಟಿನಲ್ಲಿ ಮಾತ್ರ ವೃತ್ತವೇ ಇಲ್ಲ. ಅದು ಗ್ರಾಂ ನೆಗೆಟಿವ್. ಹೊರಗೊಂದು ಲಿಪೊಪಾಲಿಸ್ಯಾಕರೈಡ್ ಹೊದಿಕೆ, ಅದನ್ನು ದಾಟಿ ಒಳಗೆ ಬಂದದ್ದನ್ನು ಆಚೆ ತಳ್ಳುವ ಪಂಪುಗಳು ಬೇರೆ. ಗಿಡಗಳ ಸತ್ವಕ್ಕೆ ಔರಿಯಸ್ ಬಗ್ಗುವಷ್ಟು ಇದು ಬಗ್ಗುವುದಿಲ್ಲ. ಹಾಗೆಂದು ವೃತ್ತ ಬರಲಿಲ್ಲವಾದರೆ ಸತ್ವದಲ್ಲಿ ಶಕ್ತಿಯೇ ಇಲ್ಲ ಎನ್ನುವಂತೆಯೂ ಇಲ್ಲ. ದೊಡ್ಡ ಟ್ಯಾನಿನ್ ಅಣುಗಳು, ನೀರಿಗೆ ಒಗ್ಗದ ಎಣ್ಣೆಯಂಥವು ಅಗರಿನಲ್ಲಿ ಸರಿಯಾಗಿ ಹರಡುವುದೇ ಇಲ್ಲ.

ಆ್ಯಂಟಿಆಕ್ಸಿಡೆಂಟ್ ಪರೀಕ್ಷೆ ಇದರ ಮುಂದೆ ಆಟದಂತೆ ಕಂಡಿತು. ಡಿಪಿಪಿಎಚ್ ಪುಡಿಯನ್ನು ಮೆಥನಾಲಿನಲ್ಲಿ ಕರಗಿಸಿದರೆ (100 ಮಿ.ಲೀ.ಗೆ ಸುಮಾರು 4 ಮಿ.ಗ್ರಾಂ) ನೇರಳೆ ಬಣ್ಣ. ಸತ್ವ ಹೈಡ್ರೊಜನ್ ಕೊಟ್ಟರೆ ಅದು ಹಳದಿಗೆ ತಿರುಗುತ್ತದೆ. ಅರ್ಧ ಗಂಟೆ ಕತ್ತಲಲ್ಲಿಟ್ಟು 517 ನ್ಯಾನೊಮೀಟರಿನಲ್ಲಿ ಓದಬೇಕು, ಅಷ್ಟೆ. ನಾನು ಓದಿದ ಐದೂ ಸಾಂದ್ರತೆಗಳಲ್ಲಿ ಶೇ. 90ರ ಮೇಲೆ ಬಂತು. ಖುಷಿಪಡುವಂಥದ್ದೇನಲ್ಲ: ಸತ್ವ ಎಷ್ಟು ಗಟ್ಟಿಯಾಗಿತ್ತೆಂದರೆ ಮೊದಲ ಹನಿಗೇ ಎಲ್ಲ ಡಿಪಿಪಿಎಚ್ ಮುಗಿದಿತ್ತು. ಗ್ರಾಫ್ ಇಳಿಜಾರಾಗುವವರೆಗೂ ತೆಳು ಮಾಡುತ್ತಾ ಹೋದೆ. ಅರ್ಧ ಬಣ್ಣ ಅಳಿಸಲು ಎಷ್ಟು ಬೇಕೆಂಬ ಲೆಕ್ಕ ಆಗಲೇ ಸಿಕ್ಕಿದ್ದು. ಸತ್ವಕ್ಕೂ ಸ್ವಂತ ಬಣ್ಣ ಇರುವುದರಿಂದ ಡಿಪಿಪಿಎಚ್ ಹಾಕದ ಸತ್ವವನ್ನೂ ಓದಿ ಕಳೆಯಬೇಕು. ಇಲ್ಲೂ ಒಂದು ಖಾಲಿ ಕುಳಿ.

ಒಟ್ಟು ಫೀನಾಲ್ ಅಳೆಯುವ ಫೋಲಿನ್ ಪರೀಕ್ಷೆಯನ್ನೂ ಮಾಡಿದೆ. ನೀಲಿ ಚೆನ್ನಾಗಿ ಬಂತು. ಆದರೆ ಆ ರಾಸಾಯನಿಕಕ್ಕೆ ಫೀನಾಲ್ ಯಾವುದು, ವಿಟಮಿನ್ ಸಿ ಯಾವುದು ಎಂಬ ಭೇದ ಗೊತ್ತಿಲ್ಲ. ಅದಕ್ಕೇ ಫಲಿತಾಂಶವನ್ನು ‘ಇಷ್ಟು ಗ್ಯಾಲಿಕ್ ಆಮ್ಲಕ್ಕೆ ಸಮ’ ಎಂದು ಬರೆಯುವುದು. ಎಲೆಯಲ್ಲಿ ಅಷ್ಟು ಗ್ಯಾಲಿಕ್ ಆಮ್ಲ ಇದೆ ಎಂದಲ್ಲ.

ಡಿಪಿಪಿಎಚ್‌ನಲ್ಲಿ ಗೆದ್ದದ್ದು ಬ್ಯಾಕ್ಟೀರಿಯಾದ ಮುಂದೆಯೂ ಗೆಲ್ಲುತ್ತದೆ ಎಂದೇ ನಾನು ಎಣಿಸಿದ್ದೆ. ಸತ್ವವನ್ನು ಹೆಕ್ಸೇನ್, ಈಥೈಲ್ ಅಸಿಟೇಟ್, ನೀರು ಎಂಬ ಮೂರು ದ್ರಾವಕಗಳಲ್ಲಿ ಬೇರೆ ಬೇರೆ ಭಾಗ ಮಾಡಿ ನೋಡಿದಾಗ ಆ ಎಣಿಕೆ ಮುರಿಯಿತು. ನೀರಿನ ಭಾಗ ನೇರಳೆಯನ್ನು ಕ್ಷಣದಲ್ಲಿ ಅಳಿಸಿತು, ಆದರೆ ಬ್ಯಾಕ್ಟೀರಿಯಾಕ್ಕೆ ಅದರಿಂದ ಏನೂ ಆಗಲಿಲ್ಲ. ಈಥೈಲ್ ಅಸಿಟೇಟ್ ಭಾಗ ಎರಡರಲ್ಲೂ ಮೇಲು. ಹೆಕ್ಸೇನ್ ಭಾಗದಲ್ಲಿ ಬರೀ ಮೇಣ. ಹೈಡ್ರೊಜನ್ ಕೊಡಲು ಫೀನಾಲಿನ ಓಎಚ್ (ಆಮ್ಲಜನಕ-ಹೈಡ್ರೊಜನ್) ಗುಂಪು ಸಾಕು. ಕೋಶ ಕೊಲ್ಲಲು ಅದರ ಪೊರೆಯನ್ನಾದರೂ ಕೆಡಿಸಬೇಕು, ಪ್ರೊಟೀನನ್ನಾದರೂ ಕಟ್ಟಿಹಾಕಬೇಕು.

ದೊಡ್ಡ ಪೆಟ್ಟು ಬಿದ್ದದ್ದು ಎಂಐಸಿ, ಅಂದರೆ ಬೆಳವಣಿಗೆ ತಡೆಯಲು ಬೇಕಾದ ಅತಿ ಕಡಿಮೆ ಸಾಂದ್ರತೆ, ಹುಡುಕುವಾಗ. 96 ಕುಳಿಗಳ ಪ್ಲೇಟಿನಲ್ಲಿ ಸತ್ವವನ್ನು ಪ್ರತಿ ಹೆಜ್ಜೆಗೆ ಅರ್ಧಕ್ಕೆ ಇಳಿಸುತ್ತಾ ಹೋಗಬೇಕು. ಸತ್ವವೇ ಹಸಿರಾದ್ದರಿಂದ ಬ್ಯಾಕ್ಟೀರಿಯಾ ಬೆಳೆದ ಮಬ್ಬು ಕಣ್ಣಿಗೆ ಕಾಣದು; ರೆಸಾಜುರಿನ್ ಎಂಬ ನೀಲಿ ಬಣ್ಣ ಹಾಕುತ್ತಾರೆ. ಜೀವ ಇದ್ದರೆ ನೀಲಿ ಹೋಗಿ ಗುಲಾಬಿ. ನನ್ನ ಪ್ಲೇಟಿನಲ್ಲಿ ಸತ್ವ ಅತಿ ಹೆಚ್ಚಿದ್ದ ಕುಳಿಗಳೇ ಗುಲಾಬಿಯಾದವು, ಅದಕ್ಕಿಂತ ತುಸು ಕಡಿಮೆ ಇದ್ದವು ನೀಲಿ. ಎರಡು ದಿನ ತಲೆ ಕೆರೆದುಕೊಂಡೆ. ಆಮೇಲೆ ಬ್ಯಾಕ್ಟೀರಿಯಾ ಹಾಕದೆ ಬರೀ ಸತ್ವ ಇಟ್ಟಿದ್ದ ಸಾಲನ್ನು ನೋಡಿದೆ. ಅದೂ ಗುಲಾಬಿ! ಡಿಪಿಪಿಎಚ್‌ಗೆ ಹೈಡ್ರೊಜನ್ ಕೊಟ್ಟ ಅದೇ ಫೀನಾಲ್‌ಗಳು ರೆಸಾಜುರಿನ್‌ನ ಬಣ್ಣವನ್ನೂ ತಿರುಗಿಸಿದ್ದವು. ಒಂದು ಪರೀಕ್ಷೆಯ ಗೆಲುವೇ ಇನ್ನೊಂದನ್ನು ಕೆಡಿಸಿತ್ತು. ಬಣ್ಣವನ್ನು ನಂಬುವುದು ಬಿಟ್ಟು, ಪ್ರತಿ ಕುಳಿಯಿಂದ ಒಂದೊಂದು ಹನಿ ತೆಗೆದು ಹೊಸ ಅಗರ್ ಮೇಲೆ ಇಟ್ಟು, ಬೆಳೆಯಿತೋ ಇಲ್ಲವೋ ಎಂದು ನೋಡಿದೆ.

ಔರಿಯಸ್ ಮೇಲೆ ಬಂದ ಅಂಕಿ ಮಿ.ಲೀ.ಗೆ 1.25 ಮಿ.ಗ್ರಾಂ. ಇ. ಕೋಲಿಯ ಮಾದರಿ ತಳಿ ಎಟಿಸಿಸಿ 25922ಕ್ಕೆ ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ಮಿ.ಲೀ.ಗೆ 0.004ರಿಂದ 0.016 ಮೈಕ್ರೊಗ್ರಾಂ ಸಾಕು. ಬ್ಯಾಕ್ಟೀರಿಯಾ ಬೇರೆ, ನೇರ ಹೋಲಿಕೆ ಸಲ್ಲದು, ಆದರೂ ಮಿ.ಗ್ರಾಂ ಎಲ್ಲಿ, ಮೈಕ್ರೊಗ್ರಾಮಿನ ಚೂರು ಎಲ್ಲಿ. ಕಚ್ಚಾ ಸತ್ವದಲ್ಲಿ ನೂರಾರು ಅಣುಗಳಿವೆ, ಕೆಲಸದ ಅಣು ಅದರಲ್ಲಿ ಅತ್ಯಲ್ಪ ಇರಬಹುದು ಎಂದುಕೊಂಡು ಮುಂದಿನ ಹೆಜ್ಜೆಗೆ ಹೋದೆ.

ಈಥೈಲ್ ಅಸಿಟೇಟ್ ಭಾಗವನ್ನು, ಅಣುಗಳನ್ನು ಬೇರೆ ಬೇರೆ ಎತ್ತರದಲ್ಲಿ ನಿಲ್ಲಿಸಿ ಬಿಡಿಸುವ, ಸಿಲಿಕಾ ಬಳಿದ ಎರಡು ಟಿಎಲ್‌ಸಿ ಪ್ಲೇಟುಗಳ ಮೇಲೆ ಓಡಿಸಿದೆ. ಒಂದಕ್ಕೆ ಡಿಪಿಪಿಎಚ್ ಸಿಂಪಡಿಸಿದರೆ ನೇರಳೆಯ ಮೇಲೆ ನಾಲ್ಕು ಹಳದಿ ಚುಕ್ಕಿ. ಇನ್ನೊಂದರ ಮೇಲೆ ಔರಿಯಸ್ ಬೆರೆಸಿದ ಅಗರ್ ಸುರಿದರೆ ಎರಡೇ ಕಡೆ ಬೆಳವಣಿಗೆ ಇಲ್ಲ. ಅವೆರಡರಲ್ಲಿ ಒಂದು ಹಳದಿ ಚುಕ್ಕಿಯ ಜಾಗವೇ, ಪಕ್ಕದಲ್ಲಿ ಓಡಿಸಿದ್ದ ಕ್ವೆರ್ಸೆಟಿನ್ ಎಂಬ ಗಿಡಗಳ ಫೀನಾಲ್ ನಿಂತ ಎತ್ತರವೂ ಅದೇ. ಎತ್ತರ ಒಂದೇ ಆದ ಮಾತ್ರಕ್ಕೆ ಅಣು ಒಂದೇ ಆಗಬೇಕಿಲ್ಲ. ಇನ್ನೊಂದರ ಜಾಗದಲ್ಲಿ ಹಳದಿ ಇರಲೇ ಇಲ್ಲ. ಎರಡನ್ನೂ ಕೆರೆದು ಸಣ್ಣ ಬಾಟಲಿಗಳಲ್ಲಿ ಇಟ್ಟಿದ್ದೇನೆ, ಅಣು ಯಾವುದೆಂದು ಗುರುತಿಸಲು ನೆರವಾಗುವ ಮಾಸ್ ಸ್ಪೆಕ್ಟ್ರೊಮೀಟರಿನ ಸರದಿ ಇನ್ನೂ ಬಂದಿಲ್ಲ. ಮೂರನೆಯ ಬಾಟಲಿಯಲ್ಲಿ ಏನೂ ಓಡಿಸದ ಪ್ಲೇಟಿನಿಂದ ಕೆರೆದ ಬರಿಯ ಸಿಲಿಕಾ ಇದೆ.